ಗೇಜಿನ ಲೈನಿಗೆ ಮಸಿ ಕಟ್ಟದ ಹಾಗೆ ನಾನು ಮಾಡಿದ್ದು

ಅಂಕೋಲಾದಲ್ಲಿ ಹೆದ್ದಾರಿ ಬದಿಗೆ ನನ್ನ ಗ್ಯಾರೇಜು. ಅರಬೈಲ್ ಘಾಟ್ ಹತ್ತಿ ಇಳಿಯುವ ಲಾರಿಗಳೇ ನನ್ನ ಗಿರಾಕಿಗಳು. ಘಾಟಿನಲ್ಲಿ ಎಂಜಿನ್ ತನ್ನ ಗುಣ ಮುಚ್ಚಿಡುವುದಿಲ್ಲ.

ಮೂರು ಮಳೆಗಾಲದ ಹಿಂದೆ ಹತ್ತು ಚಕ್ರದ ಹಳೆ ಗಾಡಿಯೊಂದು ಬಂತು. ಬಿಎಸ್3 (ಹೊಗೆಯ ಹಳೆ ನಿಯಮದ್ದು), ಆರು ಸಿಲಿಂಡರ್, ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಪಂಪು). "ಅಣ್ಣಾ, ಖಾಲಿ ಇದ್ರೆ ಚಲೋ ಓಡ್ತದೆ. ಲೋಡ್ ಹಾಕಿ ಘಾಟ್ ಹತ್ತಿಸಿದ್ರೆ ಬರೀ ಕರಿ ಹೊಗೆ, ಎಳೂದೇ ಇಲ್ಲ" ಅಂದ ಡ್ರೈವರ್. ಬೇರೆ ಕಡೆ ಇಂಜೆಕ್ಟರ್ ಬದಲಿಸಿ ಆಗಿತ್ತು. ಈಗ ಟರ್ಬೊ ಬದಲಿಸಿ ಅಂತ ಹೇಳಿದ್ದರಂತೆ. ಸಾಲ ಮಾಡಿ ಗಾಡಿ ಓಡಿಸುವವನಿಗೆ ಸುಮ್ನೆ ಹಾಗೆ ಹೇಳಲು ನನಗೆ ಮನಸ್ಸು ಬರಲಿಲ್ಲ.

ಟರ್ಬೊ ತುಂಬುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, ತೋರಿಸುವ ಗೇಜು ಒಂದೇ ನೋಡಿದರೆ ಟರ್ಬೊ ಕೆಟ್ಟಿದೆಯೋ, ಹೊಗೆ ಹೋಗುವ ದಾರಿ ಕಟ್ಟಿದೆಯೋ ಗೊತ್ತಾಗುವುದಿಲ್ಲ. ಹೊಗೆ ಟರ್ಬೊದ ಚಕ್ರಕ್ಕೆ (ಟರ್ಬೈನಿಗೆ) ಹೋಗುವ ಮೊದಲು, ಎಲ್ಲ ಸಿಲಿಂಡರಿನ ಹೊಗೆ ಒಟ್ಟುಗೂಡುವ ಎಗ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಎಷ್ಟು ಒತ್ತಡ ಇದೆ ಅನ್ನುವುದೂ ಬೇಕು. ಎರಡೂ ಹತ್ತಿರ ಹತ್ತಿರ ಇದ್ದರೆ ಬಹಳ ಒಳ್ಳೆಯದು. ಹೊಗೆಯ ಕಡೆ ಒಂದೂವರೆ ಪಟ್ಟು ಇದ್ದರೂ ನಡೆಯುತ್ತದೆ. ಎರಡು ಪಟ್ಟು ದಾಟಿದರೆ ಹುಡುಕಲೇಬೇಕು.

ಟರ್ಬೊ ಬಿಚ್ಚಿ, ಮ್ಯಾನಿಫೋಲ್ಡಿಗೆ ತೂತು ಹಾಕಿ, ಪೈಪು ತಿರುಗಿಸಿ ಕೂರಿಸಲು 1/8 ಇಂಚಿನ ಪೈಪ್ ಟ್ಯಾಪ್ ಹೊಡೆದೆ. ಟರ್ಬೊ ಬಿಚ್ಚದೆ ಡ್ರಿಲ್ ಹಾಕಬೇಡಿ. ಬೀಡುಕಬ್ಬಿಣದ ಒಂದು ಚೂರು ಟರ್ಬೈನಿಗೆ ಹೋದರೂ ರೆಕ್ಕೆ ಹಾಳು. ಆಮೇಲೆ ತಾಮ್ರದ ಪೈಪು, ಅದರ ತುದಿಗೆ ನೈಲಾನ್ ಪೈಪು, ಕ್ಯಾಬಿನ್ನಿನಲ್ಲಿ ಗೇಜು. ಮೊದಲ ದಿನ ಮುಳ್ಳು ಚೆಂದ ಆಡಿತು. ಎಂಟನೇ ದಿನ ಡ್ರೈವರ್ ಫೋನ್ ಮಾಡಿದ, ಮುಳ್ಳು 20ರಲ್ಲೇ ನಿಂತಿದೆ, ಎಂಜಿನ್ ಆಫ್ ಮಾಡಿದರೂ ಇಳಿಯುವುದಿಲ್ಲ.

ಪೈಪು ಕೊಯ್ದು ನೋಡಿದೆ. ಒಳಗೆ ಒಣ ಮಸಿ ಇರುತ್ತದೆ ಅಂದುಕೊಂಡಿದ್ದೆ. ಇದ್ದದ್ದು ಕಾಡಿಗೆಯ ಹಾಗಿನ ಹಸಿ ಅಂಟು. ತಾಮ್ರದ ಪೈಪು ನಟ್ಟಿನ ಹತ್ತಿರ ಕೂದಲಿನಷ್ಟು ಬಿರುಕು ಬಿಟ್ಟಿತ್ತು. ಅದುರಿ ಅದುರಿ ತಾಮ್ರ ಗಡಸಾಗಿ ಒಡೆಯುತ್ತದೆ.

ಎರಡನೇ ಸಲ ಬೈಕಿನ ಪೆಟ್ರೋಲ್ ಫಿಲ್ಟರ್ ಹಾಕಿದೆ. ಅದರ ಕಾಗದ ನೆಂದು ಮುದ್ದೆಯಾಯಿತು. ನಾಲ್ಕೇ ದಿನ.

ಆಗ ಕೂತು ಯೋಚಿಸಿದೆ. ಗೇಜಿನ ಲೈನು ಕುರುಡು ಗಲ್ಲಿ ಇದ್ದ ಹಾಗೆ. ಹೊಗೆ ಅದರಲ್ಲಿ ಹರಿದು ಹೋಗುವುದಿಲ್ಲ. ಆದರೆ ಒಂದೊಂದು ಸಿಲಿಂಡರ್ ಹೊಗೆ ಬಿಟ್ಟಾಗಲೂ ಒಂದು ಹೊಡೆತ ಬೀಳುತ್ತದೆ, ಲೈನು ಉಸಿರಾಡುತ್ತದೆ. ಒಳಗೆ ಬಂದ ಬಿಸಿ ಹೊಗೆ ತಣಿದಾಗ ನೀರು ಇಳಿಯುತ್ತದೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊಗೆಯ ಜೊತೆ ಹೋಗುತ್ತದೆ. ಆ ನೀರೇ ಮಸಿಯನ್ನು ಅಂಟು ಮಾಡುತ್ತದೆ. ಒಣ ಮಸಿಯನ್ನು ಊದಿ ತೆಗೆಯಬಹುದು, ಅಂಟನ್ನು ಆಗುವುದಿಲ್ಲ. ಅಂದರೆ ನಾನು ಮೊದಲು ನೋಡಬೇಕಾದ್ದು ಫಿಲ್ಟರ್ ಅಲ್ಲ, ನೀರಿನ ದಾರಿ.

ಮೂರನೇ ಸಲ ಹೀಗೆ ಮಾಡಿದೆ. ತಾಮ್ರ ಬಿಟ್ಟು 6 ಮಿಲಿಮೀಟರ್ ಸ್ಟೇನ್‌ಲೆಸ್ ಪೈಪು ತಂದೆ. ಮ್ಯಾನಿಫೋಲ್ಡ್ ದಾಟಿದ ಕೂಡಲೇ ಅದನ್ನು ನಾಲ್ಕು ಸುತ್ತು ಸುರುಳಿ ಮಾಡಿದೆ. ಎಂಜಿನ್ ಅದುರುವುದನ್ನು ಸುರುಳಿ ನುಂಗುತ್ತದೆ, ಹೊಗೆಯೂ ಅಲ್ಲೇ ತಣಿಯುತ್ತದೆ. ಸುರುಳಿಯನ್ನು ಸ್ಪ್ರಿಂಗಿನ ಹಾಗೆ ನಿಲ್ಲಿಸಬೇಕು, ಅಡ್ಡ ಮಲಗಿಸಿದರೆ ಪ್ರತಿ ಸುತ್ತಿನಲ್ಲೂ ನೀರು ನಿಲ್ಲುತ್ತದೆ. ಅಲ್ಲಿಂದ ಲೈನು ಮೇಲಕ್ಕೇ ಹೋಗಬೇಕು. ಎಲ್ಲೂ ಜೋತು ಬೀಳಬಾರದು. ನೀರು ತಾನಾಗಿ ವಾಪಸ್ ಮ್ಯಾನಿಫೋಲ್ಡಿಗೆ ಇಳಿದರೆ ಅರ್ಧ ಕೆಲಸ ಮುಗಿಯಿತು.

ಮೇಲೆ, ಕ್ಯಾಬಿನ್ ಹಿಂದೆ ಏರ್ ಪೈಪು ನಿಂತಿರುವ ಬ್ರಾಕೆಟ್ಟಿಗೆ ಒಂದು ಡಬ್ಬಿ ಕೂರಿಸಿದೆ. ಲೇತಿನಲ್ಲಿ ಮಾಡಿಸಿದ್ದು, ಮುಷ್ಟಿಯಷ್ಟು ದೊಡ್ಡದು. ಕ್ಯಾಬಿನ್ನಿಗೆ ಕೂರಿಸಲಿಲ್ಲ, ಯಾಕೆಂದರೆ ಕ್ಯಾಬಿನ್ ಎತ್ತಿದಾಗಲೆಲ್ಲ ಪೈಪು ಬಿಚ್ಚಬೇಕಾಗುತ್ತದೆ. ಡಬ್ಬಿಗೆ ಹೊಗೆ ಪಕ್ಕದಿಂದ ಬರುತ್ತದೆ, ತಳದಲ್ಲಿ ಡ್ರೈನ್ ಸ್ಕ್ರೂ. ಒಳಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು, ಸಡಿಲವಾಗಿ. ದೊಡ್ಡ ಮಸಿ ಅಲ್ಲಿ ಹಿಡಿಯುತ್ತದೆ. ಮೇಲಿನ ಬಾಯಿಗೆ ಕಂಚಿನ ಪುಡಿ ಒತ್ತಿ ಮಾಡಿದ ಸಣ್ಣ ಸೈಲೆನ್ಸರ್. ಏರ್ ವಾಲ್ವಿನ ಬಾಯಿಗೆ ಹಾಕುತ್ತಾರಲ್ಲ, ಅದೇ. ಅದರ ಸಣ್ಣ ಸಣ್ಣ ತೂತುಗಳು ಉಳಿದ ಮಸಿ ತಡೆಯುತ್ತವೆ, ಜೊತೆಗೆ ಹೊಡೆತವನ್ನೂ ತಗ್ಗಿಸುತ್ತವೆ. ಮುಳ್ಳು ನಡುಗುವುದು ನಿಂತಿತು.

ಇನ್ನೊಂದು ತಪ್ಪನ್ನೂ ಆಗಲೇ ತಿದ್ದಿದೆ. ಹೊಗೆಯ ಪೈಪನ್ನು ಕ್ಯಾಬಿನ್ ಒಳಗೆ ತಂದದ್ದು ದೊಡ್ಡ ತಪ್ಪು. ಡ್ರೈವರ್, ಕ್ಲೀನರ್ ಅಲ್ಲೇ ಮಲಗುತ್ತಾರೆ. ಮಳೆಗೆ ಗಾಜು ಹಾಕಿ ಎಂಜಿನ್ ಚಾಲೂ ಇಟ್ಟೇ ಮಲಗುವವರಿದ್ದಾರೆ. ಒಂದು ನಟ್ಟು ಸಡಿಲವಾದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಗೊತ್ತೂ ಆಗುವುದಿಲ್ಲ. ಆ ಎಂಟು ದಿನ ನೆನೆದರೆ ಈಗಲೂ ನನಗೆ ಹೆದರಿಕೆ ಆಗುತ್ತದೆ. ಈಗ ಡಬ್ಬಿಯ ಮೇಲೆ ಒತ್ತಡವನ್ನು ವೈರಿನಲ್ಲಿ ಗೇಜಿಗೆ ತಿಳಿಸುವ ಎಲೆಕ್ಟ್ರಿಕ್ ಸೆಂಡರ್, ಕ್ಯಾಬಿನ್ನಿಗೆ ಬರೀ ವೈರು.

ಗೇಜು 100 ಪಿಎಸ್‌ಐದು ತೆಗೆದುಕೊಳ್ಳಿ. ಪಿಎಸ್‌ಐ ಅಂದರೆ ಒತ್ತಡದ ಅಳತೆ. ಮೊದಲು 60ರದ್ದು ಹಾಕಿದ್ದೆ. ಅರಬೈಲ್ ಇಳಿಯುವಾಗ ಹೊಗೆಯ ದಾರಿ ಮುಚ್ಚಿ ಗಾಡಿಯ ಓಟ ತಗ್ಗಿಸುವ ಎಗ್ಸಾಸ್ಟ್ ಬ್ರೇಕ್ ಒತ್ತಿದರೆ ಮುಳ್ಳು ಕೊನೆಗೆ ಹೋಗಿ ಬಡಿಯುತ್ತಿತ್ತು.

ಕಾಯಿಲೆ ಸಿಕ್ಕಿದ್ದೂ ಅಲ್ಲೇ. ಡ್ರೈವರ್ ಜೊತೆ ನಾನೇ ಲೋಡ್ ಗಾಡಿಯಲ್ಲಿ ಘಾಟ್ ಹತ್ತಿದೆ. ಬೂಸ್ಟ್ 14, ಹೊಗೆಯ ಕಡೆ 37. ಎರಡೂವರೆ ಪಟ್ಟಿಗಿಂತ ಜಾಸ್ತಿ. ವಾಪಸ್ ಬಂದು ಟರ್ಬೊದ ಹಿಂದಿನ ಪೈಪು ಬಿಚ್ಚಿದರೆ ಎಗ್ಸಾಸ್ಟ್ ಬ್ರೇಕಿನ ಬಟರ್‌ಫ್ಲೈ (ದಾರಿ ಮುಚ್ಚುವ ಬಿಲ್ಲೆ) ತುಕ್ಕು ಹಿಡಿದು ಅರ್ಧ ಮುಚ್ಚಿಕೊಂಡೇ ಇತ್ತು. ತುಕ್ಕು ಬಿಡಿಸಿ, ಬುಶ್ ಬದಲಿಸಿದೆ. ಮಾರನೇ ದಿನ ಅದೇ ಏರಿನಲ್ಲಿ ಬೂಸ್ಟ್ 21, ಹೊಗೆ 27. ಟರ್ಬೊ ಹಳೆಯದೇ. "ಅಣ್ಣಾ, ಹೊಗೆ ಕಾಣೂದಿಲ್ಲ" ಅಂತ ಅವನು ಕನ್ನಡಿ ನೋಡುತ್ತಲೇ ಇದ್ದ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಡ್ರೈನ್ ಸ್ಕ್ರೂ ತೆಗೆಯಲು ಕ್ಲೀನರಿಗೆ ಹೇಳಿಕೊಟ್ಟಿದ್ದೇನೆ. ಒಂದು ಚಮಚ ಕಪ್ಪು ನೀರು ಬರುತ್ತದೆ. ಬೇಸಿಗೆಯಲ್ಲಿ ಏನೂ ಬರುವುದಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಮುಳ್ಳು ತಟ್ಟನೆ ಇಳಿಯಬೇಕು. ನಿಧಾನ ತೆವಳಿದರೆ ಕಂಚಿನ ಸೈಲೆನ್ಸರ್ ಕಟ್ಟುತ್ತಿದೆ ಅಂತ ಅರ್ಥ. ಆಗ ಅದನ್ನು ಬಿಚ್ಚಿ, ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆಯಬೇಕು. ಲೈನಿಗೆ ಗಾಳಿ ಹೊಡೆಯುವುದಾದರೆ ಸೆಂಡರ್ ಬಿಚ್ಚಿಟ್ಟು, ಮೇಲಿನಿಂದ ಮ್ಯಾನಿಫೋಲ್ಡ್ ಕಡೆಗೇ ಹೊಡೆಯಿರಿ.

ಹೊಸ ನಿಯಮದ ಬಿಎಸ್6 ಗಾಡಿಯವರೂ ಈಗ ಕೇಳುತ್ತಾರೆ. ಅವುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್‌ನ ಒತ್ತಡ ನೋಡುವ ಸೆನ್ಸರಿಗೆ ಎರಡು ಸಣ್ಣ ಪೈಪು ಇರುತ್ತವೆ. ಅವೂ ಹೀಗೇ ಕಟ್ಟುತ್ತವೆ, ಡಿಪಿಎಫ್ ಚೆನ್ನಾಗಿದ್ದರೂ ಲೈಟ್ ಉರಿಯುತ್ತದೆ. ಅಲ್ಲಿ ಮಾತ್ರ ಫಿಲ್ಟರ್ ಹಾಕಬೇಡಿ. ಕಂಪ್ಯೂಟರಿಗೆ ತಪ್ಪು ಲೆಕ್ಕ ಹೋಗುತ್ತದೆ. ಪೈಪು ಎಲ್ಲಿ ಜೋತು ಬಿದ್ದಿದೆ ನೋಡಿ, ತೊಳೆದು, ಮೇಲಕ್ಕೆ ಎತ್ತಿ ಕ್ಲಿಪ್ ಹಾಕಿ.