ಒಂದೇ ಮನೆಯೊಳಗೆ ದೂರವಿದ್ದು: ಮಕ್ಕಳೊಂದಿಗೆ ಕಳೆದ ಕ್ವಾರಂಟೈನ್

ಕೋವಿಡ್ ಕಾಲದಲ್ಲಿ ಮನೆಯಲ್ಲಿ ಒಬ್ಬರಿಗೆ ಸೋಂಕು ದೃಢಪಟ್ಟ ಕೂಡಲೇ ಉಳಿದವರಿಗೆ ಎದುರಾಗುತ್ತಿದ್ದ ಮೊದಲ ಕೆಲಸ ದಿನಗಳ ಲೆಕ್ಕ. ಆ ಲೆಕ್ಕ ಮೇಲ್ನೋಟಕ್ಕೆ ಕಾಣುವಷ್ಟು ಸರಳವಾಗಿರಲಿಲ್ಲ. 2020ರಲ್ಲಿ ನನ್ನ ಪತ್ನಿಗೆ ಕೋವಿಡ್ ಬಂದಾಗ, ಸೋಂಕಿತರ ಸಂಪರ್ಕದಲ್ಲಿದ್ದವರು 14 ದಿನ ಮನೆಯೊಳಗೇ ಇರಬೇಕೆಂಬುದು ನಿಯಮವಾಗಿತ್ತು. ವೈರಾಣು ದೇಹವನ್ನು ಹೊಕ್ಕ ಮೇಲೆ ರೋಗಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 5ರಿಂದ 6 ದಿನ, ಕೆಲವರಲ್ಲಿ 14 ದಿನಗಳವರೆಗೂ ಹಿಡಿಯುತ್ತಿತ್ತು ಎಂಬುದೇ ಇದಕ್ಕೆ ಆಧಾರ. ಆದರೆ ಈ 14 ದಿನಗಳನ್ನು ಎಣಿಸಬೇಕಾಗಿದ್ದುದು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನದಿಂದ. ಸೋಂಕಿತರೊಡನೆ ಅದೇ ಕೋಣೆ, ಅದೇ ಊಟದ ಮೇಜು ಮುಂದುವರಿದರೆ ಪ್ರತಿದಿನವೂ ಹೊಸ ಸಂಪರ್ಕವೇ ಆಗುತ್ತಿತ್ತು. ಅವರು ಗುಣವಾದ ಮೇಲಷ್ಟೇ ಉಳಿದವರ 14 ದಿನಗಳು ಆರಂಭವಾಗುತ್ತಿದ್ದವು. ಒಂಬತ್ತು ವರ್ಷದ ಮಗಳೂ ನಾಲ್ಕು ವರ್ಷದ ಮಗನೂ ಇರುವ ಮನೆಯಲ್ಲಿ ಎರಡು ವಾರದ ದಿಗ್ಬಂಧನ ಇನ್ನಷ್ಟು ಬೆಳೆದರೆ ಗತಿಯೇನೆಂದು ಯೋಚಿಸಿ, ನಾವು ಮೊದಲ ಸಂಜೆಯೇ ಮನೆಯನ್ನು ಎರಡು ಭಾಗ ಮಾಡಿದೆವು.

ಮನೆಯ ತುದಿಯಲ್ಲಿದ್ದ, ದೊಡ್ಡ ಕಿಟಕಿಯ ಮಲಗುವ ಕೋಣೆ ಪತ್ನಿಗೆ ಮೀಸಲಾಯಿತು. ಕಿಟಕಿ ಸದಾ ತೆರೆದಿರಬೇಕು, ಬಾಗಿಲು ಸದಾ ಮುಚ್ಚಿರಬೇಕು, ಬಾಗಿಲ ಕೆಳಗಿನ ಸಂದಿಗೆ ಮಡಿಸಿದ ಟವೆಲ್ ಒತ್ತಿಟ್ಟಿರಬೇಕು. ಆ ದಿನಗಳಲ್ಲಿ ಕೇಳಿಬರುತ್ತಿದ್ದ ಸಲಹೆಗಳೆಲ್ಲ ಬಹುಮಟ್ಟಿಗೆ ಕೈ ತೊಳೆಯುವುದು ಮತ್ತು ಮೇಜು ಒರೆಸುವುದರ ಸುತ್ತಲೇ ಇದ್ದವು. ನಾವೂ ತೊಳೆದೆವು, ಒರೆಸಿದೆವು. ಆದರೆ ಗಾಳಿಯಾಡದ ಕೋಣೆಯಲ್ಲಿ ಉಸಿರಿನ ಮೂಲಕವೇ ಸೋಂಕು ಹೆಚ್ಚಾಗಿ ಹರಡುತ್ತದೆ ಎಂಬುದು ಆಮೇಲೆ ಸ್ಪಷ್ಟವಾದ್ದರಿಂದ, ಈಗ ಯಾರಾದರೂ ನನ್ನನ್ನು ಕೇಳಿದರೆ ಒರೆಸುವ ಬಟ್ಟೆಗಿಂತ ಕಿಟಕಿಯ ಕಡೆಗೆ ಹೆಚ್ಚು ಗಮನ ಕೊಡಿ ಎನ್ನುತ್ತೇನೆ. ಶೌಚಾಲಯ ಒಂದೇ ಇದ್ದುದು ನಮಗಿದ್ದ ದೊಡ್ಡ ತೊಡಕು. ಪತ್ನಿ ಹೊರಬರುವ ಮುನ್ನ ಫೋನ್ ಮಾಡುತ್ತಿದ್ದಳು. ನಾನು ಮಕ್ಕಳನ್ನು ಇನ್ನೊಂದು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವಳು ಮಾಸ್ಕ್ ಧರಿಸಿ ಹೋಗಿ ಬಂದ ಮೇಲೆ ಎಕ್ಸಾಸ್ಟ್ ಫ್ಯಾನ್ ಓಡುತ್ತಿರುವಂತೆಯೇ ಅರ್ಧ ಗಂಟೆ ಆ ಕಡೆಗೆ ಯಾರೂ ಸುಳಿಯುತ್ತಿರಲಿಲ್ಲ. ಆಮೇಲೆ ನಲ್ಲಿಯನ್ನೂ ಚಿಲಕವನ್ನೂ ನೀರು ಬೆರೆಸಿದ ಬ್ಲೀಚ್‌ನಿಂದ ಒರೆಸುತ್ತಿದ್ದೆ: 5% ಬ್ಲೀಚ್‌ನ ಒಂದು ಪಾಲಿಗೆ 49 ಪಾಲು ನೀರು. ಬ್ಲೀಚನ್ನು ಆಮ್ಲವಿರುವ ಟಾಯ್ಲೆಟ್ ಕ್ಲೀನರ್ ಜೊತೆ ಎಂದೂ ಬೆರೆಸಬಾರದು, ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ನಿಜವಾದ ಕಷ್ಟವಿದ್ದುದು ಮುಚ್ಚಿದ ಬಾಗಿಲಿನ ಹೊರಗೆ. ಮಗಳಿಗೆ ಕಾರಣ ಹೇಳಿದರೆ ಅರ್ಥವಾಗುತ್ತಿತ್ತು. ಮಗನಿಗೆ ಅಮ್ಮ ಮನೆಯಲ್ಲೇ ಇದ್ದೂ ಸಿಗದಿರುವುದು ಒಗಟಾಗಿತ್ತು. ಅವಳು ಊರಿಗೆ ಹೋಗಿದ್ದಿದ್ದರೆ ಇಷ್ಟು ಅಳುತ್ತಿರಲಿಲ್ಲವೇನೋ. ಎರಡು ದಿನ ಗಮನಿಸಿದಾಗ ಒಂದು ಸಂಗತಿ ತಿಳಿಯಿತು: ಅಮ್ಮನನ್ನು ನೋಡದಿರುವುದಕ್ಕಿಂತ, ಅಮ್ಮನ ದನಿ ಯಾವಾಗೆಂದರೆ ಆವಾಗ ಕಿವಿಗೆ ಬೀಳುವುದೇ ಅವನನ್ನು ಹೆಚ್ಚು ಕಂಗೆಡಿಸುತ್ತಿತ್ತು. ಅವಳು ಫೋನಿನಲ್ಲಿ ಯಾರೊಡನೆಯೋ ಮಾತನಾಡಿದರೆ, ಕೆಮ್ಮಿದರೆ, ಅವನು ಆಡುವುದನ್ನು ಬಿಟ್ಟು ಬಾಗಿಲಿಗೆ ಓಡುತ್ತಿದ್ದ. ಹಾಗಾಗಿ ಬೆಳಿಗ್ಗೆ ತಿಂಡಿಯಾದ ಮೇಲೊಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ವಿಡಿಯೊ ಕರೆಯೆಂದು ಗೊತ್ತುಮಾಡಿದೆವು. ಉಳಿದ ಹೊತ್ತು ಪತ್ನಿ ತನ್ನ ಮಾತುಕತೆಯನ್ನು ಕಿಟಕಿಯ ಬಳಿ, ಮೆಲುದನಿಯಲ್ಲಿ ಮುಗಿಸುತ್ತಿದ್ದಳು. ರಾತ್ರಿಯ ಕರೆಯಲ್ಲಿ ಅವಳು ಕಥೆ ಹೇಳುತ್ತಿದ್ದಳು, ಅದೂ ಅರ್ಧ ಕಥೆ, ಉಳಿದರ್ಧ ಮರುದಿನಕ್ಕೆ. ನಾಳೆಯೂ ಅಮ್ಮ ಇರುತ್ತಾಳೆ ಎಂಬ ಭರವಸೆಯನ್ನು ಆ ಅರ್ಧ ಕಥೆ ನಮ್ಮ ಯಾವ ಸಮಾಧಾನದ ಮಾತಿಗಿಂತಲೂ ಚೆನ್ನಾಗಿ ಕೊಟ್ಟಿತು.

2020ರ ಮಾರ್ಚ್ 16ರಂದು ನಾರ್ವೆಯ ಆಗಿನ ಪ್ರಧಾನಿ ಎರ್ನಾ ಸೋಲ್ಬರ್ಗ್ ಮಕ್ಕಳ ಪ್ರಶ್ನೆಗಳಿಗೆಂದೇ ಒಂದು ಪತ್ರಿಕಾಗೋಷ್ಠಿ ನಡೆಸಿದ್ದರು. ಇಂಥ ಹೊತ್ತಿನಲ್ಲಿ ಹೆದರಿಕೆಯಾಗುವುದು ಸಹಜ ಎಂದು ಮಕ್ಕಳಿಗೆ ನೇರವಾಗಿ ಹೇಳಿದ್ದರು. ಆ ಸುದ್ದಿ ನೆನಪಿನಲ್ಲಿದ್ದುದರಿಂದ ನಾನು ಮನೆಯಲ್ಲೂ ಸಂಜೆಗೊಂದು ಪತ್ರಿಕಾಗೋಷ್ಠಿ ಇಟ್ಟುಕೊಂಡೆ. ಮಕ್ಕಳು ಕುರ್ಚಿಯಲ್ಲಿ, ನಾನು ನೆಲದ ಮೇಲೆ. ಯಾವ ಪ್ರಶ್ನೆಗೂ ನಗುವಂತಿಲ್ಲ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಬೇಕು. ಮಗಳು ಆಕ್ಸಿಜನ್ ಬಗ್ಗೆ, ಲಸಿಕೆಯ ಬಗ್ಗೆ ಕೇಳಿದಳು. ಮಗ ಮೊದಲು, "ವೈರಸ್ ರಾತ್ರಿ ಎಲ್ಲಿ ಮಲಗುತ್ತೆ?" ಎಂದ. ನಾಲ್ಕನೆಯ ಸಂಜೆಯೋ ಐದನೆಯ ಸಂಜೆಯೋ, "ನಾನು ಕೈ ತೊಳೀಲಿಲ್ಲ ಅಂತ ಅಮ್ಮಂಗೆ ಜ್ವರ ಬಂತಾ ಅಪ್ಪ?" ಎಂದು ಕೇಳಿದ. ಈ ವಯಸ್ಸಿನ ಮಕ್ಕಳು ಮನೆಯಲ್ಲಿ ನಡೆಯುವ ಕೆಡುಕಿಗೆಲ್ಲ ತಾವೇ ಕಾರಣವೆಂದು ಎಣಿಸುವುದುಂಟು, ಮತ್ತು ಅದನ್ನು ತಾವಾಗಿ ಬಾಯಿಬಿಟ್ಟು ಹೇಳುವುದು ಅಪರೂಪ. ಅಷ್ಟು ದಿನ ಅವನು ಅದನ್ನು ಹೊತ್ತುಕೊಂಡೇ ಆಡುತ್ತಿದ್ದ. ಸುದ್ದಿವಾಹಿನಿಯನ್ನು ಹಗಲಿನಲ್ಲಿ ಹಾಕದಿರಲು ಆ ಸಂಜೆಯೇ ನಿರ್ಧರಿಸಿದೆವು. ಗೋಷ್ಠಿಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ದಿನಗಳ ಎಣಿಕೆಯನ್ನು ಮಕ್ಕಳಿಗೆ ತೋರಿಸುವ ರೀತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಇನ್ನೆಷ್ಟು ದಿನ ಉಳಿದಿದೆ ಎಂದು ಇಳಿಕೆಯ ಕ್ರಮದಲ್ಲಿ ಎಣಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ನಾನು ಅದನ್ನು ಬೇಡವೆಂದೆ. ನಮ್ಮ ಮೂವರಲ್ಲಿ ಯಾರಿಗಾದರೂ ಜ್ವರ ಬಂದಿದ್ದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಪತ್ನಿಯೂ ಲಕ್ಷಣ ಕಾಣಿಸಿಕೊಂಡು 10 ದಿನ ಕಳೆದ ಮಾತ್ರಕ್ಕೆ ಹೊರಬರುವಂತಿರಲಿಲ್ಲ, ಅದರ ಮೇಲೆ ಕನಿಷ್ಠ 3 ದಿನ ಜ್ವರ, ಕೆಮ್ಮುಗಳಿಲ್ಲದೆ ಕಳೆಯಬೇಕಿತ್ತು. ಇಳಿಕೆಯ ಎಣಿಕೆಯೆಂದರೆ ಮಗುವಿಗೆ ಒಂದು ತಾರೀಖಿನ ಮಾತು ಕೊಟ್ಟಂತೆ, ಆ ಮಾತನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿರಲಿಲ್ಲ. ಆದ್ದರಿಂದ ಕಳೆದ ದಿನಗಳನ್ನಷ್ಟೇ ಏರಿಕೆಯ ಕ್ರಮದಲ್ಲಿ ಎಣಿಸಿದೆವು. ದಿನಕ್ಕೊಂದು ಕಾಗದ, ಅದರಲ್ಲಿ ಆ ದಿನ ನಡೆದ ಯಾವುದಾದರೂ ಒಂದು ಸಂಗತಿಯ ಚಿತ್ರ, ಗೋಡೆಗೆ ಒಂದರ ಪಕ್ಕ ಒಂದು. ಸಾಲು ಉದ್ದವಾಗುವುದು ಮಗನಿಗೆ ಗೆಲುವಿನಂತೆ ಕಾಣುತ್ತಿತ್ತು.

ಗಂಟೆಗಂಟೆಗೂ ಬಣ್ಣ ಬಳಿದ ವೇಳಾಪಟ್ಟಿಗಳು ಆಗ ಎಲ್ಲೆಡೆ ಹರಿದಾಡುತ್ತಿದ್ದವು. ನನಗೆ ಅವುಗಳಲ್ಲಿ ನಂಬಿಕೆಯಿರಲಿಲ್ಲ, ಈಗಲೂ ಇಲ್ಲ. ಒಂದು ಮೀಟಿಂಗ್ ಹತ್ತು ನಿಮಿಷ ತಡವಾಗಿ ಮುಗಿದರೆ ಇಡೀ ಪಟ್ಟಿ ಕುಸಿಯುತ್ತದೆ. ಕುಸಿದ ಪಟ್ಟಿಯಿಂದ ಮಕ್ಕಳು ಕಲಿಯುವುದು ನಿಯಮಗಳಿಗೆ ಬೆಲೆಯಿಲ್ಲ ಎಂಬುದನ್ನು. ನಾವು ಏಳುವುದು, ಮಧ್ಯಾಹ್ನದ ಊಟ, ಮಲಗುವುದು ಈ ಮೂರನ್ನು ಮಾತ್ರ ಗಡಿಯಾರಕ್ಕೆ ಕಟ್ಟಿದೆವು. ಉಳಿದದ್ದಕ್ಕೆ ಹೊತ್ತಿನ ಬದಲು ಅನುಕ್ರಮವಿತ್ತು: ತಿಂಡಿಯ ನಂತರ ಅಮ್ಮನ ಕರೆ, ಅದರ ನಂತರ ಪಾಠ, ಪಾಠದ ನಂತರ ಓಡಾಟ. ಅಕ್ಷರ ಬಾರದ ಮಗುವಿಗೂ 'ಇದಾದ ಮೇಲೆ ಅದು' ಎಂಬುದು ತಿಳಿಯುತ್ತದೆ. ಮಲಗುವ ಹೊತ್ತಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿದ್ದೆ. 3ರಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ನಿದ್ರೆಗೆಟ್ಟ ಮರುದಿನ ಯಾವ ಅನುಕ್ರಮವೂ ನಿಲ್ಲುತ್ತಿರಲಿಲ್ಲ. ಶಾಲೆಯ ಆನ್‌ಲೈನ್ ತರಗತಿಗಳ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 2020ರ ಏಪ್ರಿಲ್ ಹೊತ್ತಿಗೆ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆಗಳು ಮುಚ್ಚಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಮನೆಯಲ್ಲಿ ಕುಳಿತಿದ್ದರು. ಶಿಕ್ಷಕರೂ ನಮ್ಮಷ್ಟೇ ಹೊಸಬರಾಗಿದ್ದರು.

ಇಷ್ಟೆಲ್ಲ ಆದ ಮೇಲೂ ಉಳಿದ ಸಮಸ್ಯೆಯೆಂದರೆ ನಾವು ಮೂವರು ಹಗಲಿಡೀ ಒಬ್ಬರ ಕಣ್ಣೆದುರೇ ಮತ್ತೊಬ್ಬರು ಇರುತ್ತಿದ್ದೆವು ಎಂಬುದು. ಮಕ್ಕಳನ್ನು ಸದಾ ಏನಾದರೊಂದರಲ್ಲಿ ತೊಡಗಿಸಬೇಕೆಂಬ ಸಲಹೆ ಇಲ್ಲಿ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಕೊರತೆಯಿದ್ದುದು ಚಟುವಟಿಕೆಗಲ್ಲ, ಏಕಾಂತಕ್ಕೆ. ಇದನ್ನು ಮೊದಲು ಹೇಳಿದವಳು ಮಗಳು: "ಅಮ್ಮನಿಗಾದರೂ ಒಂದು ರೂಮಿದೆ" ಎಂದಳು. ವೈರಾಣುವಿಗಾಗಿ ಮನೆಯನ್ನು ಭಾಗ ಮಾಡಿದ ನಾವು ಮನಸ್ಸಿಗಾಗಿಯೂ ಭಾಗ ಮಾಡಬಹುದಿತ್ತಲ್ಲ ಎಂದು ನನಗೆ ಹೊಳೆದದ್ದು ಆಗ. ಊಟದ ನಂತರ ಒಂದು ಗಂಟೆ ಎಲ್ಲರೂ ಬೇರೆ ಬೇರೆ ಎಂದು ಗೊತ್ತುಮಾಡಿದೆವು. ಮಗಳಿಗೆ ಒಳಕೋಣೆ ಮತ್ತು ಅದರ ಬಾಗಿಲು, ಮಗನಿಗೆ ಹೊದಿಕೆ ಇಳಿಬಿಟ್ಟ ಮೇಜಿನ ಅಡಿ, ನನಗೆ ಅಡುಗೆಮನೆ. ಅವರವರ ಜಾಗದಲ್ಲಿ ಏನು ಮಾಡಿದಿರಿ ಎಂದು ಯಾರೂ ಯಾರನ್ನೂ ಕೇಳಬಾರದು. ಈ ನಿಯಮ ಇಲ್ಲದಿದ್ದರೆ ಆ ಗಂಟೆಯೂ ಇನ್ನೊಂದು ಪಾಠವಾಗುತ್ತಿತ್ತು. ಮಗ ಆರಂಭದಲ್ಲಿ ಹತ್ತು ನಿಮಿಷಕ್ಕೇ ತಲೆ ಹೊರಹಾಕುತ್ತಿದ್ದ. ಅವನ ಮೇಜಿನಡಿಯಿಂದ ನಾನು ಕಾಣಿಸುವಂತೆ ಕೂತ ಮೇಲೆ ಹೆಚ್ಚು ಹೊತ್ತು ಉಳಿದ. ಮಧ್ಯಾಹ್ನದ ಜಗಳಗಳು ಪೂರ್ತಿ ನಿಲ್ಲದಿದ್ದರೂ ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು. ಉಳಿದ ಜಗಳಗಳಲ್ಲಿ ನಾನು ತೀರ್ಪು ಕೊಡಲು ಹೋಗದೆ, ಇಬ್ಬರನ್ನೂ ಅವರವರ ಜಾಗಕ್ಕೆ ಕಳುಹಿಸುತ್ತಿದ್ದೆ. ಅದು ಶಿಕ್ಷೆಯಾಗಿ ಉಳಿದಿರಲಿಲ್ಲ, ಬೇಕಾದ ಜಾಗವೇ ಆಗಿತ್ತು.

5 ವರ್ಷ ಮೀರಿದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಲನೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಿಕ್ಕವರಿಗಂತೂ ದಿನವಿಡೀ ಹರಡಿಕೊಂಡಂತೆ 3 ಗಂಟೆಗಳ ಓಡಾಟ. ನೆಲಕ್ಕೆ ಹಾಸಿದ ಹಾಸಿಗೆಯ ಮೇಲೆ ಲಾಗ, ಹಜಾರದಲ್ಲಿ ಮಂಡಿಯೂರಿ ಓಟ, ಹಾಡು ನಿಂತಾಗ ಕಲ್ಲಾಗುವ ಆಟಗಳಿಂದ ಅದು ನಡೆಯಿತು. ಪರದೆಯ ವಿಷಯದಲ್ಲಿ 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದೆಂಬ ಅದೇ ಸಂಸ್ಥೆಯ ಮಿತಿ ನಮ್ಮಲ್ಲಿ ಉಳಿಯಲಿಲ್ಲ. ಒಬ್ಬನೇ ದೊಡ್ಡವನು, ಆಫೀಸಿನ ಕೆಲಸ ಬೇರೆ ಇರುವಾಗ ಉಳಿಯುವಂತೆಯೂ ಇರಲಿಲ್ಲ. ಬದಲಿಗೆ, ಮೊಬೈಲು ಕೈಗೆ ಬರುವುದು ಅಳುವಿಗೆ ಉತ್ತರವಾಗಿ ಅಲ್ಲ, ನನ್ನ ಮೀಟಿಂಗಿನ ಹೊತ್ತಿಗೆ ಎಂದು ನಿಶ್ಚಯಿಸಿಕೊಂಡೆ. ಮಗಳ ತರಗತಿ ಕಿಟಕಿಯ ಪಕ್ಕದಲ್ಲಿ ನಡೆಯುತ್ತಿತ್ತು; ನಡುನಡುವೆ ಕಣ್ಣೆತ್ತಿ ದೂರ ನೋಡಲು ಅದು ಅನುಕೂಲವಾಗಿತ್ತು.

ಆರೋಗ್ಯದ ನಿಗಾ ವಿಷಯದಲ್ಲಿ ವೈದ್ಯರು ಹೇಳಿದ್ದಷ್ಟನ್ನೇ ಮಾಡಿದೆವು: ಎಲ್ಲರಿಗೂ ಬೆಳಿಗ್ಗೆ, ಸಂಜೆ ಥರ್ಮಾಮೀಟರ್, ಪತ್ನಿಗೆ ಆಕ್ಸಿಮೀಟರ್. ಬೆರಳು ತಣ್ಣಗಿದ್ದರೂ ಉಗುರಿಗೆ ಬಣ್ಣವಿದ್ದರೂ ಆಕ್ಸಿಮೀಟರ್ ತಪ್ಪು ತೋರಿಸಬಹುದು, ಆದ್ದರಿಂದ ಕೈ ಉಜ್ಜಿ, ಕೆಲವು ನಿಮಿಷ ಸುಮ್ಮನೆ ಕೂತ ಮೇಲೆಯೇ ಅಳೆಯಬೇಕು. 94ಕ್ಕಿಂತ ಕೆಳಗಿಳಿದರೆ ಕರೆ ಮಾಡಬೇಕೆಂದು ವೈದ್ಯರು ಹೇಳಿದ್ದರು, ಅದೃಷ್ಟವಶಾತ್ ಇಳಿಯಲಿಲ್ಲ. ಮಕ್ಕಳಿಗೆ ಜ್ವರ ಬಂದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಮಾತ್ರ. ವೈರಾಣು ಜ್ವರದಲ್ಲಿ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು, ಅದು ಯಕೃತ್ತು ಮತ್ತು ಮೆದುಳಿಗೆ ಹಾನಿ ಮಾಡುವ ರೈ ಸಿಂಡ್ರೋಮ್‌ಗೆ ದಾರಿಯಾಗಬಹುದು. ಸ್ಯಾನಿಟೈಸರಿನಲ್ಲಿ 60%ಕ್ಕೂ ಹೆಚ್ಚು ಆಲ್ಕೋಹಾಲ್ ಇರುವುದರಿಂದ ಬಾಟಲಿ ಮಗನ ಕೈಗೆ ಎಟುಕದ ಎತ್ತರಕ್ಕೇರಿತು. ಮಕ್ಕಳಿಗೆ ಸೋಪು, ನೀರೇ ಸಾಕು.

ಪತ್ನಿ ಹೊರಬಂದ ಮೇಲೆ ಮನೆ ಒಮ್ಮೆಲೇ ಮೊದಲಿನಂತಾಗಲಿಲ್ಲ. ಮಗಳು ಮಧ್ಯಾಹ್ನದ ತನ್ನ ಗಂಟೆಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಮಗ ಅಮ್ಮ ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಕಾಯುತ್ತಿದ್ದ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸಿತು. ಒತ್ತಡದ ನಂತರ ಚಿಕ್ಕ ಮಕ್ಕಳು ಹೀಗೆ ಹಿಂದಿನ ಹಂತಕ್ಕೆ ಜಾರುವುದು ಸಾಮಾನ್ಯ, ಗದರಿಸಬೇಡಿ, ಹೊಗಳಿ ಉಬ್ಬಿಸಲೂ ಬೇಡಿ ಎಂದು ಮಕ್ಕಳ ವೈದ್ಯರು ಹೇಳಿದರು. ಹಾಸಿಗೆಗೆ ನೀರು ಇಳಿಯದ ಹೊದಿಕೆ ಹಾಕಿದೆವು. ರಾತ್ರಿ ಮಾತಿಲ್ಲದೆ ಬಟ್ಟೆ ಬದಲಿಸಿದೆವು. ಪತ್ನಿ ಯಾವುದೇ ಬಾಗಿಲು ಹಾಕುವ ಮುನ್ನ ಎಷ್ಟು ಹೊತ್ತಿಗೆ ತೆರೆಯುತ್ತೇನೆಂದು ಅವನಿಗೆ ಹೇಳಿ, ಹೇಳಿದ ಹೊತ್ತಿಗೇ ತೆರೆಯುತ್ತಿದ್ದಳು. ಕೆಲವು ವಾರಗಳಲ್ಲಿ ಎರಡೂ ನಿಂತವು. ನಿಲ್ಲದಿದ್ದರೆ, ಅಥವಾ ಮಗು ಊಟ, ಆಟ, ಮಾತುಗಳಲ್ಲೂ ಹಿಂದೆ ಸರಿಯುತ್ತಿದ್ದರೆ, ಮತ್ತೆ ಕರೆತರಬೇಕೆಂದು ವೈದ್ಯರು ಮೊದಲೇ ಹೇಳಿದ್ದರು.