ನರ್ಸಿಂಗ್, ಪ್ಯಾರಾಮೆಡಿಕಲ್, ಫಾರ್ಮಸಿಗೆ ಬೇಕಾದ ವಿಜ್ಞಾನ ವಿಷಯಗಳು: ಕಡಿಮೆ ಖರ್ಚಿನಲ್ಲಿ, ಎಲ್ಲ ಕಡೆ ನಡೆಯುವ ಅಂಕಪಟ್ಟಿಯೊಂದಿಗೆ

ಪಿಯುಸಿಯಲ್ಲಿ ಆರ್ಟ್ಸ್ ಇಲ್ಲವೇ ಕಾಮರ್ಸ್ ಓದಿ, ಆಮೇಲೆ ಆಸ್ಪತ್ರೆ ಕೆಲಸದತ್ತ ಮನಸ್ಸು ತಿರುಗಿದವರು ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್) ತೆಗೆದುಕೊಂಡು ಜೀವಶಾಸ್ತ್ರ ಬಿಟ್ಟವರೂ ಕಡಿಮೆಯಿಲ್ಲ. ಇವರಲ್ಲಿ ಹೆಚ್ಚಿನವರು ಮೊದಲು ಟ್ಯುಟೋರಿಯಲ್ ಬೋರ್ಡ್ ನೋಡಿ ಒಳಗೆ ಹೋಗುತ್ತಾರೆ. ಅಲ್ಲಿಂದಲೇ ದುಡ್ಡು ಹೋಗಲು ಶುರು. ಮೊದಲು ನೋಡಬೇಕಾದ್ದು ನೀವು ಸೇರಬೇಕೆಂದಿರುವ ಕೋರ್ಸಿನ ಅರ್ಹತೆಯ ಸಾಲನ್ನು. ಅದರಲ್ಲಿ ನಿಮ್ಮ ಬಳಿ ಇಲ್ಲದ ವಿಷಯ ಯಾವುದು, ಅದನ್ನು ಮಾತ್ರ ಸಂಪಾದಿಸಿದರೆ ಸಾಕು.

ಬಿಎಸ್‌ಸಿ ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಬೇಕು. ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 40 ಅಂಕ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಕರ್ನಾಟಕದಲ್ಲಿ 2023ರಿಂದ ಈ ಕೋರ್ಸಿಗೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿ ಬರೆಯಬೇಕು. ಡಿ.ಫಾರ್ಮಾ, ಅಂದರೆ ಫಾರ್ಮಸಿ ಡಿಪ್ಲೊಮಾಗೆ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಜೀವಶಾಸ್ತ್ರ ಅಥವಾ ಗಣಿತ ಯಾವುದಾದರೂ ನಡೆಯುತ್ತದೆ. ಅಂದರೆ ಪಿಸಿಎಂಸಿಯವರು ಫಾರ್ಮಸಿಗೆ ಹೊಸದಾಗಿ ಏನೂ ಓದಬೇಕಿಲ್ಲ. ಇದು ಗೊತ್ತಿಲ್ಲದೆ ಒಂದು ವರ್ಷ ಕಳೆಯುವವರಿದ್ದಾರೆ.

ಜಿಎನ್‌ಎಂ, ಅಂದರೆ ಮೂರು ವರ್ಷದ ಜನರಲ್ ನರ್ಸಿಂಗ್ ಡಿಪ್ಲೊಮಾ, ಇದಕ್ಕಿಂತ ಸುಲಭ. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಇಂಗ್ಲಿಷ್ ಇರುವ ಪಿಯುಸಿ, ಒಟ್ಟು ಶೇ 40, ಇಂಗ್ಲಿಷ್‌ನಲ್ಲೂ ಪ್ರತ್ಯೇಕವಾಗಿ ಶೇ 40 ಅಂಕ ಇದ್ದರೆ ಆರ್ಟ್ಸ್‌ನವರೂ ಸೇರಬಹುದು. ವಿಜ್ಞಾನದವರಿಗೆ ಆದ್ಯತೆ ಇದೆ, ಕಡ್ಡಾಯವಲ್ಲ. ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ಮಾಡಿದರೆ ಪದವಿಯೂ ಕೈಗೆ ಬರುತ್ತದೆ. ಸ್ಟಾಫ್ ನರ್ಸ್ ಆಗುವುದೇ ಗುರಿಯಾಗಿದ್ದರೆ ವಿಜ್ಞಾನ ವಿಷಯಗಳ ಹಿಂದೆ ಬೀಳುವ ಮೊದಲು ಈ ದಾರಿಯನ್ನು ಗಂಭೀರವಾಗಿ ಯೋಚಿಸಿ. ಮನೆಯಲ್ಲಿ ದುಡ್ಡಿನ ಅಡಚಣೆ ಇರುವವರಿಗೆ ನಾವು ಮೊದಲು ಹೇಳುವುದು ಇದನ್ನೇ. ಮೂರನೇ ವರ್ಷ ಮುಗಿದ ಕೂಡಲೇ ಸಂಬಳದ ಕೆಲಸ ಹಿಡಿಯಬಹುದು, ಪದವಿ ಆಮೇಲೆ ನಿಧಾನವಾಗಿ ಮಾಡಬಹುದು.

ಲ್ಯಾಬ್ ಟೆಕ್ನಾಲಜಿ, ಎಕ್ಸ್‌ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್‌ನಂಥ ಡಿಪ್ಲೊಮಾಗಳು ಕರ್ನಾಟಕದಲ್ಲಿ ಪ್ಯಾರಾಮೆಡಿಕಲ್ ಬೋರ್ಡ್ ಅಡಿ ನಡೆದು ಬಂದಿವೆ. ಎಸ್ಸೆಸ್ಸೆಲ್ಸಿ ಮೇಲೆ ಮೂರು ವರ್ಷ, ವಿಜ್ಞಾನ ಪಿಯುಸಿ ಆದವರಿಗೆ ಎರಡು ವರ್ಷ ಎಂಬುದು ಅಲ್ಲಿನ ರೂಢಿ. ಆದರೆ 2021ರಲ್ಲಿ ಅಲೈಡ್ ಹೆಲ್ತ್ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ, ಪಠ್ಯಕ್ರಮವೂ ಅರ್ಹತೆಯೂ ಒಂದೊಂದಾಗಿ ಬದಲಾಗುತ್ತಿವೆ. ಹಾಗಾಗಿ ಅಣ್ಣ ಸೇರಿದಾಗ ಇದ್ದ ನಿಯಮವನ್ನು ತಂಗಿಗೆ ಹೇಳಬೇಡಿ, ಆ ವರ್ಷದ ಪ್ರಕಟಣೆಯನ್ನೇ ಓದಿ.

ವಿಷಯ ಎಲ್ಲಿ ಸಿಗುತ್ತದೆ

ಈಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಸರ್ಕಾರಿ ಪಿಯು ಕಾಲೇಜಿನ ಪಿಸಿಎಂಬಿಗಿಂತ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಅಗ್ಗದ ದಾರಿ ಇಲ್ಲ. ಲ್ಯಾಬ್ ಇರುತ್ತದೆ, ಬಸ್ ಪಾಸ್ ಸಿಗುತ್ತದೆ, ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಪ್ರಥಮ ಪಿಯುಸಿಯಲ್ಲಿ ತಪ್ಪು ಕಾಂಬಿನೇಶನ್ ಆಯಿತು ಅನಿಸಿದರೆ ಮೊದಲ ಕೆಲವು ವಾರದಲ್ಲೇ ಪ್ರಾಂಶುಪಾಲರ ಹತ್ತಿರ ಹೋಗಿ. ದಾಖಲಾತಿ ವಿವರ ಇಲಾಖೆಗೆ ಹೋದ ಮೇಲೆ ಬದಲಾಯಿಸುವುದು ಅವರ ಕೈಯಲ್ಲೂ ಇರುವುದಿಲ್ಲ.

ಪಿಯುಸಿ ದಾಟಿದವರಿಗೆ ಒಂದು ಎಚ್ಚರಿಕೆ. ರಾಜ್ಯ ಬೋರ್ಡಿನಲ್ಲಿ ಖಾಸಗಿ ಅಭ್ಯರ್ಥಿಯಾಗಿ ಕಟ್ಟಲು ಆಗುವುದು ಆರ್ಟ್ಸ್ ಮತ್ತು ಕಾಮರ್ಸ್ ಮಾತ್ರ. ಪ್ರಾಯೋಗಿಕ ಇರುವ ಕಾರಣ ವಿಜ್ಞಾನಕ್ಕೆ ಆ ಬಾಗಿಲು ಇಲ್ಲ. ಸಿಬಿಎಸ್‌ಇಯಲ್ಲೂ ಬೇರೆ ಬೋರ್ಡಿನಿಂದ ಪಾಸಾದವರಿಗೆ ಹೆಚ್ಚುವರಿ ವಿಷಯ ಬರೆಯುವ ಅವಕಾಶ ಇಲ್ಲ. ಉಳಿಯುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್. ಇದು ಕೇಂದ್ರ ಸರ್ಕಾರದ್ದು, ಇದರ ಸೀನಿಯರ್ ಸೆಕೆಂಡರಿ ಪ್ರಮಾಣಪತ್ರ ಪಿಯುಸಿಗೆ ಸಮ. ನರ್ಸಿಂಗ್ ಕೌನ್ಸಿಲ್ ತನ್ನ ನಿಯಮದಲ್ಲಿ ಎನ್‌ಐಒಎಸ್ ಹೆಸರನ್ನೇ ಬರೆದು ಒಪ್ಪಿದೆ. ನೀಟ್ ಬರೆಯುವವರಿಗೂ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ, ಹನ್ನೆರಡನೇ ತರಗತಿ ಆದ ಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿಯಾಗಿ ಪಾಸು ಮಾಡಿದರೂ ನಡೆಯುತ್ತದೆ ಎಂದು ಪ್ರಕಟಿಸಿತು.

ಎನ್‌ಐಒಎಸ್‌ನಲ್ಲಿ ವಿಷಯಕ್ಕೆ ಸಂಕೇತ ಸಂಖ್ಯೆ ಇರುತ್ತದೆ: ಇಂಗ್ಲಿಷ್ 302, ಭೌತಶಾಸ್ತ್ರ 312, ರಸಾಯನಶಾಸ್ತ್ರ 313, ಜೀವಶಾಸ್ತ್ರ 314. ಅರ್ಜಿ ತುಂಬುವಾಗ ಸಂಖ್ಯೆಯನ್ನೇ ನೋಡಿ ಆರಿಸಿ. ಪೂರ್ಣ ಕೋರ್ಸ್ ಎಂದರೆ ಐದು ವಿಷಯ. ಈಗಾಗಲೇ ಪಿಯುಸಿ ಆಗಿ ಜೀವಶಾಸ್ತ್ರವೊಂದೇ ಬೇಕಾದವರು ಪಾರ್ಟ್ ಅಡ್ಮಿಶನ್‌ನಲ್ಲಿ ಒಂದರಿಂದ ನಾಲ್ಕು ವಿಷಯದವರೆಗೆ ತೆಗೆದುಕೊಳ್ಳಬಹುದು. ಇದರಲ್ಲಿ ಸಿಗುವುದು ಅಂಕಪಟ್ಟಿ ಮಾತ್ರ, ಪ್ರಮಾಣಪತ್ರ ಅಲ್ಲ. ಪಿಯುಸಿಯಲ್ಲಿ ಫೇಲಾದವರು ಪಾಸಾದ ಎರಡು ವಿಷಯದವರೆಗಿನ ಅಂಕವನ್ನು ಟಿಒಸಿ (ಟ್ರಾನ್ಸ್‌ಫರ್ ಆಫ್ ಕ್ರೆಡಿಟ್) ಮೂಲಕ ಎನ್‌ಐಒಎಸ್‌ಗೆ ವರ್ಗಾಯಿಸಿಕೊಂಡು ಉಳಿದದ್ದನ್ನು ಬರೆಯಬಹುದು. ಇಂಗ್ಲಿಷ್ ಮತ್ತು ಕನ್ನಡ ಪಾಸಾಗಿದ್ದರೆ ಇಂಗ್ಲಿಷನ್ನು ಖಂಡಿತ ವರ್ಗಾಯಿಸಿಕೊಳ್ಳಿ. ನರ್ಸಿಂಗ್‌ಗೆ ಬೇಕಾಗುವುದು ಅದೇ.

ಎಸ್ಸೆಸ್ಸೆಲ್ಸಿ ಆಗಿ ಒಂದೇ ವರ್ಷದಲ್ಲಿ ಐದೂ ವಿಷಯ ಮುಗಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹತ್ತನೇ ತರಗತಿಗೂ ಸೀನಿಯರ್ ಸೆಕೆಂಡರಿ ಪೂರ್ತಿಯಾಗುವುದಕ್ಕೂ ನಡುವೆ ಎರಡು ವರ್ಷದ ಅಂತರ ಬೇಕು. ಮೊದಲ ವರ್ಷದ ಕೊನೆಗೆ ಹೆಚ್ಚೆಂದರೆ ನಾಲ್ಕು. ಒಮ್ಮೆ ಸೇರಿದರೆ ಐದು ವರ್ಷದವರೆಗೆ ನೋಂದಣಿ ಜೀವಂತ, ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು. ಪರೀಕ್ಷೆ ವರ್ಷಕ್ಕೆರಡು ಬಾರಿ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್.

ಖರ್ಚು ಲೆಕ್ಕ ಹಾಕುವಾಗ ಪ್ರವೇಶ ಶುಲ್ಕ ಒಂದನ್ನೇ ನೋಡಬೇಡಿ. ಪರೀಕ್ಷಾ ಶುಲ್ಕ ಪ್ರತಿ ವಿಷಯಕ್ಕೆ ಬೇರೆ, ಪ್ರಾಯೋಗಿಕಕ್ಕೆ ಮತ್ತೆ ಬೇರೆ. ಮಹಿಳೆಯರಿಗೆ, ಪರಿಶಿಷ್ಟರಿಗೆ ಪ್ರವೇಶ ಶುಲ್ಕ ಕಡಿಮೆ. ಎಲ್ಲ ಸೇರಿದರೂ ಸಂಸ್ಥೆಗೆ ಕಟ್ಟುವುದು ಕೆಲವೇ ಸಾವಿರ. ಯಾರಾದರೂ ಮೂವತ್ತು, ನಲವತ್ತು ಸಾವಿರ ಕೇಳಿದರೆ ಆ ಹೆಚ್ಚಿನ ದುಡ್ಡು ಮಧ್ಯವರ್ತಿಗೆ ಹೋಗುತ್ತದೆ. ಅರ್ಜಿಯನ್ನು ಅಧಿಕೃತ ಪೋರ್ಟಲ್‌ನಲ್ಲಿ ನೀವೇ ತುಂಬಿ, ನಿಮ್ಮದೇ ಮೊಬೈಲ್ ನಂಬರು, ಇಮೇಲ್ ಕೊಡಿ. ಏಜೆಂಟನ ನಂಬರ್ ಕೊಟ್ಟರೆ ಹಾಲ್‌ಟಿಕೆಟ್, ಓಟಿಪಿ ಎಲ್ಲಕ್ಕೂ ಅವನ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ.

ಎಡವುವ ಜಾಗ: ಪ್ರಾಯೋಗಿಕ

ಥಿಯರಿಗೆ 80, ಪ್ರಾಯೋಗಿಕಕ್ಕೆ 20 ಅಂಕ. ಎರಡರಲ್ಲೂ ಪ್ರತ್ಯೇಕವಾಗಿ ಶೇ 33 ಬರಬೇಕು. ಥಿಯರಿಯಲ್ಲಿ ಎಷ್ಟೇ ಬಂದರೂ ಪ್ರಾಯೋಗಿಕಕ್ಕೆ ಗೈರಾದರೆ ವಿಷಯ ಪಾಸಾಗುವುದಿಲ್ಲ. ಟಿಎಂಎ ಎಂಬ ಮನೆಪಾಠದ ಉತ್ತರಪತ್ರಿಕೆಗೂ ಅಂಕದಲ್ಲಿ ಪಾಲಿದೆ, ಕೈಬರಹದಲ್ಲಿ ಬರೆದು ಸ್ಕ್ಯಾನ್ ಮಾಡಿ ಸಮಯಕ್ಕೆ ಏರಿಸಿ.

ಅಧ್ಯಯನ ಕೇಂದ್ರ ಆರಿಸುವಾಗ ಜಿಲ್ಲೆ ನೋಡಿದರೆ ಸಾಲದು. ಆ ಕೇಂದ್ರದಲ್ಲಿ ನಿಮ್ಮ ಮೂರು ವಿಷಯಗಳ ಲ್ಯಾಬ್ ಇದೆಯೇ ಎಂದು ಫೋನ್ ಮಾಡಿ ಕೇಳಿ. ಜಿಲ್ಲೆಯೊಳಗೆ ಸಿಗದಿದ್ದರೆ ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ–ಧಾರವಾಡ ಹತ್ತಿರ, ಶಿರಸಿಯಿಂದ ನೂರು ಕಿಲೋಮೀಟರ್ ಆಸುಪಾಸು. ಕರಾವಳಿಯವರಿಗೆ ರೈಲು ಇರುವ ಕಾರಣ ಉಡುಪಿ ಕಡೆ ಸಲೀಸು. ಮಳೆಗಾಲದಲ್ಲಿ ಓಡಾಟ ಇದ್ದರೆ ಹಿಂದಿನ ದಿನವೇ ಹೋಗಿ ಉಳಿಯಿರಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದು ಈ ಕಡೆಯ ಯಾರೂ ಮರೆತಿಲ್ಲ.

ಪ್ರಾಯೋಗಿಕದಲ್ಲಿ ಏನು ಕಲಿತಿರಬೇಕು ಎಂಬುದಕ್ಕೆ ಟೈಟ್ರೇಶನ್, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅದರ ಸಾಂದ್ರತೆ ಅಳೆಯುವ ಪ್ರಯೋಗ ಒಂದನ್ನೇ ನೋಡಿ. ಆಕ್ಸಾಲಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಡುವ ಪ್ರಯೋಗ ಹೆಚ್ಚಿನ ಬೋರ್ಡುಗಳಲ್ಲಿ ಇದೆ. ಪಿಪೆಟ್‌ನಿಂದ 10 ಮಿಲಿ ಆಕ್ಸಾಲಿಕ್ ಆಮ್ಲ ಕೋನಿಕಲ್ ಫ್ಲಾಸ್ಕಿಗೆ ಹಾಕಿ, ಅದಕ್ಕೊಂದು ಪ್ರನಾಳದಷ್ಟು ಸಾರರಿಕ್ತ (ಡೈಲ್ಯೂಟ್) ಸಲ್ಫ್ಯೂರಿಕ್ ಆಮ್ಲ ಸೇರಿಸಿ, 60 ಡಿಗ್ರಿ ಸುತ್ತಮುತ್ತ ಬಿಸಿ ಮಾಡಬೇಕು. ಫ್ಲಾಸ್ಕಿನ ತಳ ಅಂಗೈಗೆ ತಡೆಯಲಾಗದಷ್ಟು ಬಿಸಿ, ಆದರೆ ಕುದಿಯಬಾರದು. ಬ್ಯುರೆಟ್‌ನಿಂದ ಬಿದ್ದ ಮೊದಲ ಹನಿಗಳ ಬಣ್ಣ ನಿಧಾನ ಮಾಯವಾಗುತ್ತದೆ. ಹೆದರಬೇಡಿ, ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ಆಮೇಲೆ ಬೇಗ ಬೇಗ ಮಾಯವಾಗುತ್ತದೆ. ತೆಳು ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಅದೇ ಕೊನೆಯ ಬಿಂದು. ಗುಲಾಬಿಯ ಬದಲು ಕಂದು ಗಸಿ ಬಂದರೆ ಆಮ್ಲ ಕಡಿಮೆಯಾಗಿದೆ, ಬಿಸಿ ಸಾಲದಾಗಿದೆ ಅಥವಾ ಗಡಿಬಿಡಿಯಲ್ಲಿ ಸುರಿದಿದ್ದೀರಿ. ಆ ಫ್ಲಾಸ್ಕನ್ನು ಚೆಲ್ಲಿ ಹೊಸದಾಗಿ ಶುರು ಮಾಡಿ, ತಿದ್ದಲು ಆಗುವುದಿಲ್ಲ. ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪರ್ಮಾಂಗನೇಟ್ ಅದರ ಮೇಲೂ ಖರ್ಚಾಗಿ ಅಳತೆ ಹೆಚ್ಚು ಬರುತ್ತದೆ. ದ್ರಾವಣ ಗಾಢ ಬಣ್ಣದ್ದಾದ್ದರಿಂದ ಬ್ಯುರೆಟ್‌ನಲ್ಲಿ ಮೇಲಂಚನ್ನು ಓದಿ. ಈ ಸಣ್ಣ ಸಂಗತಿಗಳು ವಿಡಿಯೊ ನೋಡಿ ಕೈಗೆ ಬರುವುದಿಲ್ಲ. ಕೇಂದ್ರದಲ್ಲಿ ನಡೆಯುವ ಸಂಪರ್ಕ ತರಗತಿಯನ್ನು ಬಿಡಬಾರದು ಎನ್ನುವುದು ಇದಕ್ಕೇ. "ಪ್ರ್ಯಾಕ್ಟಿಕಲ್‌ಗೆ ಬರೋದು ಬೇಡ, ನಾವ್ ನೋಡ್ಕೋತೇವೆ" ಎನ್ನುವವರ ಹತ್ತಿರ ಹೋಗಲೇಬೇಡಿ. ನಾಳೆ ರಕ್ತದ ಮಾದರಿ ಹಿಡಿಯುವ ಕೈ ಅದು.

ಓದಲು ದುಡ್ಡು ಬೇಕಿಲ್ಲ. ನಮ್ಮ ಪಿಯುಸಿಯೂ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಅನುಸರಿಸುತ್ತದೆ, ಪಿಡಿಎಫ್ ಉಚಿತ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ತಾಣದಲ್ಲಿ ಎನ್‌ಐಒಎಸ್ ಪಾಠಗಳೂ ಇವೆ. ಆದರೆ ಸ್ವಯಂನ ಪ್ರಮಾಣಪತ್ರ ಪಿಯುಸಿ ವಿಷಯದ ಅಂಕಪಟ್ಟಿಯ ಜಾಗದಲ್ಲಿ ನಡೆಯುವುದಿಲ್ಲ. ಅಲ್ಲಿನ ಕ್ರೆಡಿಟ್ ವರ್ಗಾವಣೆ ಪದವಿ ಓದುವವರಿಗೆ.

ಅಂಕಪಟ್ಟಿ ಒಪ್ಪುತ್ತಾರೋ ಇಲ್ಲವೋ

ಎರಡು ಬೋರ್ಡಿನ ಎರಡು ಅಂಕಪಟ್ಟಿ ಇರುವವರು ಶುಲ್ಕ ಕಟ್ಟುವ ಮೊದಲೇ ಸೇರಬೇಕೆಂದಿರುವ ಕಾಲೇಜಿಗೆ ಇಮೇಲ್ ಬರೆದು ಕೇಳಿ: "ನಾನು ಪಿಯುಸಿ ಇಂಥ ವಿಷಯಗಳಲ್ಲಿ, ಇಂಥ ವರ್ಷ ಪಾಸಾಗಿದ್ದೇನೆ. ಎನ್‌ಐಒಎಸ್‌ನಲ್ಲಿ ಜೀವಶಾಸ್ತ್ರ 314 ಪ್ರತ್ಯೇಕವಾಗಿ ಪಾಸಾದರೆ ಬಿಎಸ್‌ಸಿ ನರ್ಸಿಂಗ್ ಪ್ರವೇಶಕ್ಕೆ ಪರಿಗಣಿಸುತ್ತೀರಾ?" ಫೋನಿನಲ್ಲಿ "ಆಗ್ತದೆ ಬನ್ನಿ" ಎಂದದ್ದು ದಾಖಲೆ ಪರಿಶೀಲನೆಯ ದಿನ ಲೆಕ್ಕಕ್ಕೆ ಬರುವುದಿಲ್ಲ, ಬರಹದಲ್ಲಿರುವ ಉತ್ತರ ಮಾತ್ರ ಬರುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೋರ್ಸಾದರೆ ರಾಜ್ಯ ಬೋರ್ಡ್ ಬಿಟ್ಟು ಬೇರೆ ಬೋರ್ಡಿನವರಿಗೆ ಅರ್ಹತಾ ಪ್ರಮಾಣಪತ್ರ ಬೇಕಾಗುತ್ತದೆ. ಮೈಗ್ರೇಶನ್ ಸರ್ಟಿಫಿಕೇಟ್ ಅಸಲಿ ಪ್ರತಿಯನ್ನು ಜೋಪಾನವಾಗಿಡಿ, ಲ್ಯಾಮಿನೇಶನ್ ಮಾಡಿಸಬೇಡಿ.

ಕಾರವಾರದವರಿಗೆ ಒಂದು ಮಾತು. ಗೋವಾ ಹತ್ತಿರ ಎಂದು ಅಲ್ಲಿನ ಕೇಂದ್ರ ಆರಿಸುವ ಮೊದಲು ಕೆಇಎ ನಿಯಮ ನೋಡಿ. ಸರ್ಕಾರಿ ಕೋಟಾ ಸೀಟಿಗೆ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರುವ ಲೆಕ್ಕ ತೋರಿಸಬೇಕಾಗುತ್ತದೆ. ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದವರಿಗೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯೂ ಇದೆ. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮೊದಲೇ ಮಾಡಿಸಿ, ಅದರ ಆರ್‌ಡಿ ಸಂಖ್ಯೆಯನ್ನೇ ಸಿಇಟಿ ಅರ್ಜಿಯಲ್ಲಿ ಕೇಳುತ್ತಾರೆ. ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ, ಎಸ್ಸೆಸ್ಸೆಲ್ಸಿಯಲ್ಲಿ ಹೆಸರಿನ ಅಕ್ಷರ ಒಂದೇ ಇರಲಿ. ಒಂದರಲ್ಲಿ ನಾಯ್ಕ, ಇನ್ನೊಂದರಲ್ಲಿ ನಾಯಕ ಎಂದಿದ್ದರೆ ಎನ್‌ಐಒಎಸ್ ಅರ್ಜಿ ಹಾಕುವ ಮುಂಚೆಯೇ ಆಧಾರ್ ಸರಿಪಡಿಸಿಕೊಳ್ಳಿ.