ಫರ್ನೇಸ್ ಹತ್ತಿಕೊಳ್ಳದಿದ್ದರೆ ಮೊದಲು ಏನು ನೋಡಬೇಕು?

ಅಮೆರಿಕ, ಕೆನಡಾದ ಚಳಿ ಸೀಮೆಯಲ್ಲಿ ಗ್ಯಾಸ್ ಫರ್ನೇಸ್ (ಗ್ಯಾಸ್ ಉರಿಸಿ ಮನೆಗೆಲ್ಲ ಬಿಸಿಗಾಳಿ ಕೊಡುವ ಯಂತ್ರ) ಇರುವ ಮನೆಯವರಿಗೆ ಇದು. ಬಾಡಿಗೆ ಮನೆಯಾದರೆ ಏನನ್ನೂ ಬಿಚ್ಚಬೇಡಿ, ಮಾಲೀಕರಿಗೆ ಹೇಳಿ. ಗ್ಯಾಸ್ ಸೋರಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಹೊರಗೆ ಹೋಗಿ, ಅಲ್ಲಿಂದ 911ಕ್ಕೆ ಫೋನ್ ಮಾಡಿ.

ಥರ್ಮೋಸ್ಟಾಟ್ 'ಹೀಟ್'ನಲ್ಲಿರಲಿ, ಕೋಣೆಗಿಂತ ನಾಲ್ಕೈದು ಡಿಗ್ರಿ ಹೆಚ್ಚಿಗೆ ಇಡಿ. ಪರದೆ ಖಾಲಿಯಿದ್ದರೆ ಬ್ಯಾಟರಿ ಬದಲಿಸಿ. ಬ್ರೇಕರ್ ಬಿದ್ದಿದೆಯೇ ನೋಡಿ. ಫರ್ನೇಸಿನ ಪಕ್ಕದಲ್ಲೇ ದೀಪದ ಸ್ವಿಚ್ಚಿನಂಥದ್ದೇ ಒಂದು ಸ್ವಿಚ್ ಇರುತ್ತದೆ. ಬೇಸ್‌ಮೆಂಟಿಗೆ ಇಳಿದವರು ದೀಪದ್ದೆಂದುಕೊಂಡು ಅದನ್ನು ಆರಿಸಿ ಬರುವುದು ಮಾಮೂಲು. ಫಿಲ್ಟರ್ ಬದಲಿಸಿದ ಮೇಲೆ ಕೆಳಗಿನ ಬಾಗಿಲು ಸರಿಯಾಗಿ ಕೂರದಿದ್ದರೂ ಒಳಗಿನ ಡೋರ್ ಸ್ವಿಚ್ ಕರೆಂಟ್ ತಡೆಯುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಹತ್ತದಿದ್ದರೆ ಎದುರಿಗೆ ನಿಂತು ಗಮನಿಸಿ. ಈಗಿನ ಫರ್ನೇಸುಗಳಲ್ಲಿ ಮೊದಲು ಹೊಗೆಯನ್ನು ಹೊರಗೆ ಎಳೆಯುವ ಇಂಡ್ಯೂಸರ್ ಎಂಬ ಸಣ್ಣ ಫ್ಯಾನ್ ತಿರುಗುತ್ತದೆ, ಆ ಎಳೆತ ಸರಿಯಿದ್ದರೆ ಪ್ರೆಶರ್ ಸ್ವಿಚ್ ಕೂಡುತ್ತದೆ, ಗ್ಯಾಸ್ ಹಚ್ಚುವ ಇಗ್ನೈಟರ್ ಕೆಂಪಗೆ ಕಾಯುತ್ತದೆ, ಗ್ಯಾಸ್ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ದೊಡ್ಡ ಬ್ಲೋವರ್ ಶುರುವಾಗುತ್ತದೆ. ಎಲ್ಲಿ ನಿಂತಿತೋ ತೊಂದರೆ ಅಲ್ಲೇ. ಒಳಗಿನ ಕಂಟ್ರೋಲ್ ಬೋರ್ಡಿನ ಪುಟ್ಟ ದೀಪ ಎಷ್ಟು ಸಲ ಮಿನುಗುತ್ತದೆಂದು ಎಣಿಸಿ. ಅದರ ಅರ್ಥ ಬಾಗಿಲಿನ ಒಳಬದಿಯ ಚೀಟಿಯಲ್ಲಿರುತ್ತದೆ.

ಇಂಡ್ಯೂಸರ್ ತಿರುಗಿಯೂ ಇಗ್ನೈಟರ್ ಕಾಯಲಿಲ್ಲವೇ? ಹೊರಗೋಡೆಯಲ್ಲಿ ಗಾಳಿ, ಹೊಗೆ ಹಾಯುವ ಬಿಳಿ ಪಿವಿಸಿ ಕೊಳವೆಗಳಿದ್ದರೆ ಅವುಗಳ ಬಾಯಿಗೆ ಹಿಮ ಮುಚ್ಚಿದೆಯೇ, ಫರ್ನೇಸಿನಿಂದ ನೀರು ಹೋಗುವ ಸಣ್ಣ ಪೈಪು ಕಟ್ಟಿದೆಯೇ ನೋಡಿ.

ಉರಿ ಹತ್ತಿ ಕೆಲವೇ ಸೆಕೆಂಡಿಗೆ ಆರುತ್ತಿದ್ದರೆ ಬಹುತೇಕ ಉರಿ ಇದೆಯೇ ಎಂದು ನೋಡುವ ಕಡ್ಡಿ, ಅಂದರೆ ಫ್ಲೇಮ್ ಸೆನ್ಸರ್‌ನದೇ ತಕರಾರು. ಉರಿಯ ಮೂಲಕ ಹಾಯುವ ಮೈಕ್ರೋ ಆಂಪಿಯರ್ ಲೆಕ್ಕದ ಕರೆಂಟಿನಿಂದ ಬೆಂಕಿ ಇದೆಯೆಂದು ಬೋರ್ಡಿಗೆ ಗೊತ್ತಾಗಬೇಕು. ಕಡ್ಡಿಯ ಮೇಲೆ ಪೊರೆ ಕಟ್ಟಿದರೆ ಅದು ಗೊತ್ತಾಗದೆ ಗ್ಯಾಸ್ ಬಂದ್. ಕರೆಂಟನ್ನೂ ಗ್ಯಾಸನ್ನೂ ಆರಿಸಿ, ಸಾಮಾನ್ಯವಾಗಿ ಇರುವ ಒಂದೇ ಸ್ಕ್ರೂ ಬಿಚ್ಚಿ, ವೈರ್ ಕಳಚಿ, ಪಿಂಗಾಣಿ ಬುಡದ ಆ ತೆಳು ಕಡ್ಡಿಯನ್ನು ನುಣುಪಾದ ಸ್ಟೀಲ್ ವೂಲ್‌ನಿಂದ ಮೆಲ್ಲಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ ಕೂರಿಸಿ. ಒರಟು ಮರಳು ಕಾಗದ ಬೇಡ, ಗೀರು ಬೀಳುತ್ತದೆ. ಹತ್ತಿರದ ಇಗ್ನೈಟರ್‌ಗೆ ಕೈ ತಾಗಿಸಬೇಡಿ, ಗಾಜಿನಷ್ಟು ಬೇಗ ಮುರಿಯುತ್ತದೆ.

ಸ್ವಲ್ಪ ಹೊತ್ತು ಉರಿದು, ಬಿಸಿಗಾಳಿ ಬಂದ ಮೇಲೆ ಆರುತ್ತಿದ್ದರೆ ಫಿಲ್ಟರ್ ನೋಡಿ. ಗಾಳಿ ಹಾಯದೆ ಒಳಗೆ ಕಾವು ಏರಿ, ಅತಿ ಕಾವು ತಡೆಯುವ ಲಿಮಿಟ್ ಸ್ವಿಚ್ ಉರಿ ನಿಲ್ಲಿಸುತ್ತದೆ. ನಾವು ದಿನಾ ಹಾಕುವ ಒಗ್ಗರಣೆಯ ಜಿಡ್ಡಿಗೆ ಫಿಲ್ಟರ್ ಬೇಗ ಕಟ್ಟುತ್ತದೆ, ಅದರ ಮೇಲೆ ಬರೆದ 3 ತಿಂಗಳ ವಾಯಿದೆ ನಂಬಬೇಡಿ.

ಗ್ಯಾಸ್ ವಾಲ್ವ್, ಹೀಟ್ ಎಕ್ಸ್‌ಚೇಂಜರ್ ಗೊಡವೆಗೆ ಹೋಗದೆ ಟೆಕ್ನಿಷಿಯನ್ ಕರೆಸಿ. ಅವರು ಬರುವ ತನಕ ಮನೆಯೊಳಗೆ ಹೊರಗೋಡೆಗೆ ತಾಗಿದ ನಲ್ಲಿಗಳನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ, ಪೈಪು ಹೆಪ್ಪುಗಟ್ಟದಿರಲಿ. ಸ್ಪೇಸ್ ಹೀಟರನ್ನು ಎಕ್ಸ್‌ಟೆನ್ಶನ್ ಕಾರ್ಡಿಗಲ್ಲ, ನೇರ ಗೋಡೆಯ ಪ್ಲಗ್ಗಿಗೇ ಚುಚ್ಚಿ. ಗ್ಯಾಸ್ ಒಲೆ ಹಚ್ಚಿಟ್ಟು, ಇದ್ದಿಲು ಉರಿಸಿ ಮನೆ ಕಾಯಿಸಲು ಹೋಗಲೇಬೇಡಿ. ಅವುಗಳಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.